ಒಂದೇ ತಳಹದಿ, ಹಲವು ವೃತ್ತಿಗಳು

ಇಪ್ಪತ್ತರ ವಯಸ್ಸಿನಲ್ಲಿ ಕಸುಬು ಕಲಿತವರು ಮುಂದೆ ಸುಮಾರು ನಲವತ್ತು ವರ್ಷ ದುಡಿಯಬೇಕಾಗುತ್ತದೆ. ಆದರೆ ಅವರು ಕಲಿತ ಯಂತ್ರ ಅಷ್ಟು ಕಾಲ ಉಳಿಯುವುದಿಲ್ಲ. ವಾಲ್ವ್ ರೇಡಿಯೋ ಹೋಗಿ ಟ್ರಾನ್ಸಿಸ್ಟರ್ ಬಂದಿತು. ಅದರ ಬೆನ್ನಲ್ಲೇ ಗಣಕಯಂತ್ರ ಬಂದಿತು. ಪ್ರತಿ ಬದಲಾವಣೆಯಲ್ಲೂ ಹಳೆಯ ಕೆಲಸವನ್ನಷ್ಟೇ ಬಲ್ಲವರ ಜೀವನೋಪಾಯಕ್ಕೆ ಪೆಟ್ಟು ಬೀಳುತ್ತದೆ. ತಳಹದಿ ಭದ್ರವಾಗಿದ್ದವರು ಮಾತ್ರ ಒಂದು ಕಸುಬಿನಿಂದ ಇನ್ನೊಂದಕ್ಕೆ ಸಾಗಬಲ್ಲರು. ಕೇರಳದ ತಿರುವನಂತಪುರ ಮತ್ತು ಎರ್ನಾಕುಲಂ ನಗರಗಳ ಬೆಳವಣಿಗೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಎರಡು ನಗರಗಳು

ತಿರುವನಂತಪುರದ ಸಮೀಪದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ 1963ರ ನವೆಂಬರ್ 21ರಂದು ರಾಕೆಟ್ಟೊಂದು ಮೇಲಕ್ಕೆ ಹಾರಿತು. ಭಾರತದ ಬಾಹ್ಯಾಕಾಶ ಕಾರ್ಯಕ್ರಮ ಆರಂಭವಾದದ್ದು ಹೀಗೆ. ಹತ್ತು ವರ್ಷಗಳ ನಂತರ, 1973ರಲ್ಲಿ, ಇದೇ ನಗರದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ‘ಕೆಲ್ಟ್ರಾನ್’ ಸ್ಥಾಪನೆಯಾಯಿತು. ಅದನ್ನು ಕಟ್ಟಿದ ಕೆ.ಪಿ.ಪಿ. ನಂಬಿಯಾರ್ ಅವರು ಮುಂದೆ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯ ಅಧ್ಯಕ್ಷರಾದರು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾರ್ಯದರ್ಶಿಯಾದರು. 1990ರಲ್ಲಿ ತಿರುವನಂತಪುರದಲ್ಲಿ ‘ಟೆಕ್ನೋಪಾರ್ಕ್’ ರೂಪುಗೊಳ್ಳಲು ಅವರೇ ಮುಖ್ಯ ಕಾರಣರು. ದೂರದರ್ಶನ ಸೆಟ್ಟುಗಳನ್ನು ತಯಾರಿಸುತ್ತಿದ್ದ ಕೆಲ್ಟ್ರಾನ್ ಕಾಲಕ್ರಮದಲ್ಲಿ ಗಣಕ ತರಬೇತಿಯನ್ನೂ ನೀಡತೊಡಗಿತು.

ಎರ್ನಾಕುಲಂ ನಗರದ ಕಥೆ ಸಮುದ್ರದೊಂದಿಗೆ ಬೆಸೆದುಕೊಂಡಿದೆ. ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾಯಿತು. ರಫ್ತಾಗುವ ಸಿಗಡಿಯನ್ನು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಇರಿಸಬೇಕು. ಯಂತ್ರ ಕೆಟ್ಟು ಶೈತ್ಯ ಇಳಿದರೆ ಇಡೀ ಸರಕೇ ಹಾಳಾಗುತ್ತದೆ. ಆದ್ದರಿಂದ ಶೈತ್ಯಯಂತ್ರದ ಮೆಕ್ಯಾನಿಕ್ ಇಲ್ಲಿ ಅನಿವಾರ್ಯನಾದನು. 2004ರಲ್ಲಿ ಇದೇ ನಗರಕ್ಕೆ ‘ಇನ್ಫೋಪಾರ್ಕ್’ ಬಂದಿತು.

ಕಸುಬುಗಳು ಕೂಡುವ ಬಗೆ

ಶೈತ್ಯಯಂತ್ರದಲ್ಲಿ ಶೀತಕ ಅನಿಲವನ್ನು ಕಂಪ್ರೆಸರ್ ಒತ್ತುತ್ತದೆ. ಬಿಸಿಯಾದ ಅನಿಲ ಶಾಖವನ್ನು ಹೊರಗೆ ಚೆಲ್ಲಿ ದ್ರವವಾಗುತ್ತದೆ. ಆ ದ್ರವ ಕಿರಿದಾದ ಮಾರ್ಗದ ಮೂಲಕ ಹಾಯ್ದಾಗ ಅದರ ಒತ್ತಡ ಇಳಿಯುತ್ತದೆ. ಒಳಗಿನ ಶಾಖವನ್ನು ಹೀರಿಕೊಂಡು ಅದು ಮತ್ತೆ ಅನಿಲವಾಗುತ್ತದೆ. ಈ ಚಕ್ರವನ್ನು ಹಿಂದೆ ಸರಳವಾದ ಥರ್ಮೋಸ್ಟಾಟ್ ನಿಯಂತ್ರಿಸುತ್ತಿತ್ತು. ಇಂದಿನ ಇನ್ವರ್ಟರ್ ಯಂತ್ರಗಳಲ್ಲಿ ತಾಪವನ್ನು ಅಳೆಯುವುದು ಥರ್ಮಿಸ್ಟರ್. ಕಂಪ್ರೆಸರಿನ ವೇಗವನ್ನು ನಿರ್ಧರಿಸುವುದು ಮೈಕ್ರೊಪ್ರೊಸೆಸರ್. ಕೋಣೆ ತಂಪಾಗದಿದ್ದರೆ ದೋಷ ಅನಿಲದಲ್ಲಿರಬಹುದು, ಇಲ್ಲವೇ ಎಲೆಕ್ಟ್ರಾನಿಕ್ ಫಲಕದಲ್ಲಿರಬಹುದು. ಗಣಕಗಳೂ ಶಾಖ ಹೊರಸೂಸುವುದರಿಂದ ದೊಡ್ಡ ಗಣಕ ಕೇಂದ್ರಗಳಿಗೆ ಹವಾನಿಯಂತ್ರಣ ಬೇಕೇ ಬೇಕು. ವೋಲ್ಟೇಜ್ ಅಳೆಯುವುದು, ಸರ್ಕ್ಯೂಟ್ ನಕ್ಷೆ ಓದುವುದು, ದೋಷವನ್ನು ಹಂತ ಹಂತವಾಗಿ ಹುಡುಕುವುದು - ಇವು ಮೂರೂ ಕಸುಬುಗಳಿಗೆ ಸಮಾನ.

ಆದರೆ ತಳಹದಿಯೊಂದೇ ಸಾಲದು. ವಾಯುಮಂಡಲದ ಓಝೋನ್ ಪದರಕ್ಕೆ ಹಾನಿ ಮಾಡುವ ವಸ್ತುಗಳನ್ನು ತಡೆಯಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತ ಅದನ್ನು ಸೇರಿತು. ಹಳೆಯ ಕ್ಲೋರೋಫ್ಲೂರೋಕಾರ್ಬನ್ ಶೀತಕಗಳನ್ನು 2010ರ ವೇಳೆಗೆ ಕೈಬಿಡಲಾಯಿತು. ಹೊಸ ಶೀತಕಗಳಲ್ಲಿ ಕೆಲವು ಬೆಂಕಿ ಹೊತ್ತಿಕೊಳ್ಳುವ ಗುಣವುಳ್ಳವು. ಹಳೆಯ ರೂಢಿಯಂತೆಯೇ ಅವುಗಳನ್ನು ನಿರ್ವಹಿಸಿದರೆ ಕೆಲಸಗಾರನ ಪ್ರಾಣಕ್ಕೇ ಅಪಾಯ.

ತರಬೇತಿಯ ಮಾರ್ಗ

ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. ಹತ್ತನೆಯ ತರಗತಿ ತೇರ್ಗಡೆಯಾದವರು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಅಥವಾ ಶೈತ್ಯೀಕರಣ ಮತ್ತು ಹವಾನಿಯಂತ್ರಣ ಕಸುಬನ್ನು 2 ವರ್ಷಗಳಲ್ಲಿ ಕಲಿಯಬಹುದು. ಗಣಕ ನಿರ್ವಹಣೆ ಮತ್ತು ಪ್ರೋಗ್ರಾಮಿಂಗ್ ಸಹಾಯಕರ ತರಬೇತಿಗೆ 1 ವರ್ಷ ಸಾಕು. 1961ರ ಅಪ್ರೆಂಟಿಸ್ ಕಾಯಿದೆಯ ಅನ್ವಯ ಕಾರ್ಖಾನೆಗಳಲ್ಲಿ ಪ್ರಾಯೋಗಿಕ ತರಬೇತಿಗೂ ಅವಕಾಶವಿದೆ.

ಬೋಧಕನ ಹೊಣೆ

ಅನುಭವಿ ಕುಶಲಕರ್ಮಿಗೆ ತೆರೆದಿರುವ ನಾಲ್ಕನೆಯ ದಾರಿ ಬೋಧನೆ. ಇದಕ್ಕಾಗಿ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳಲ್ಲಿ 1 ವರ್ಷದ ಬೋಧಕ ತರಬೇತಿಯಿದೆ. ಬೆಂಗಳೂರಿನಲ್ಲಿ ಇಂತಹ ಸಂಸ್ಥೆಯಿದೆ. ತಿರುವನಂತಪುರದ ಸಂಸ್ಥೆ ಮಹಿಳೆಯರಿಗೆ ಮೀಸಲಾದದ್ದು. ಕಸುಬು ಬಲ್ಲವರೆಲ್ಲ ಕಲಿಸಬಲ್ಲರೆಂದೇನೂ ಇಲ್ಲ. ಕೈಗೆ ರೂಢಿಯಾದದ್ದನ್ನು ಬಿಡಿಸಿ ಹೇಳುವುದು ಪ್ರತ್ಯೇಕ ವಿದ್ಯೆ.

ಹಳೆಯ ಜ್ಞಾನದಲ್ಲೇ ನಿಂತ ಕೆಲಸಗಾರನಿಂದ ಒಂದು ಯಂತ್ರ ಕೆಟ್ಟೀತು. ಬೋಧಕನೇ ಹಾಗೆ ನಿಂತುಬಿಟ್ಟರೆ ವರ್ಷ ವರ್ಷವೂ ಒಂದು ತರಗತಿಯಷ್ಟು ಯುವಜನರ ದುಡಿಮೆಗೆ ಕುಂದು ತಟ್ಟುತ್ತದೆ. ಹಲವು ಕಸುಬುಗಳಲ್ಲಿ ಪಳಗಿ, ಕಲಿಯುವುದನ್ನು ನಿಲ್ಲಿಸದೆ ಬೋಧನೆಗೆ ಬಂದವರು ಈ ಕಾರಣದಿಂದ ದೇಶಕ್ಕೆ ಅಮೂಲ್ಯರು.