ನಿಮಗಿದು ಗೊತ್ತೇ? ಗಿಳಿ ಹೇಳಿಯೇ ಕಚ್ಚುವುದು!

ಬೆರಳು ಚಾಚಿದ ಕೂಡಲೇ ಗಿಳಿ ಕೊಕ್ಕು ಮುಂದೆ ತಂದರೆ ಕಚ್ಚಲು ಬಂತೆಂದು ಹೆದರಬೇಡಿ. ಕೊಕ್ಕು ಅದಕ್ಕೆ ಮೂರನೆಯ ಕಾಲು. ಮಾತಿಗೆ ಹೇಳಿದ್ದಲ್ಲ ಇದು. ಲವ್‌ಬರ್ಡ್‌ಗಳು ಕಡಿದಾದ ಜಾಗ ಹತ್ತುವಾಗ ಕಾಲಿನಷ್ಟೇ ಬಲವನ್ನು ಕೊಕ್ಕಿನಿಂದಲೂ ಹಾಕುತ್ತವೆ ಎಂದು ಅಮೆರಿಕದ ಸಂಶೋಧಕರು 2022ರಲ್ಲಿ ಅಳೆದೇ ತೋರಿಸಿದರು. ಹೊಸ ಕೊಂಬೆಗೆ ಕಾಲಿಡುವ ಮುನ್ನ ಅದು ಗಟ್ಟಿಯಿದೆಯೇ ಎಂದು ಕೊಕ್ಕಿನಲ್ಲಿ ಹಿಡಿದು ನೋಡುವುದು ಗಿಳಿಯ ಅಭ್ಯಾಸ. ನಿಮ್ಮ ಬೆರಳನ್ನೂ ಹಾಗೆಯೇ ಹಿಡಿದು ನೋಡುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ಬೆಚ್ಚಿ ಕೈ ಎಳೆದುಕೊಂಡರೆ ಹಕ್ಕಿಯ ಲೆಕ್ಕದಲ್ಲಿ ಕೊಂಬೆಯೇ ಕುಸಿದಂತೆ. ಮುಂದಿನ ಸಲ ಬೀಳಬಾರದೆಂದು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ನಾವು ಅದನ್ನೇ ಕಡಿತ ಅನ್ನುತ್ತೇವೆ. ಬೆರಳನ್ನು ಅಲುಗಾಡಿಸದೆ ಹಿಡಿದು ನೋಡಿ. ಕೊಕ್ಕು ಬೆರಳನ್ನು ಮೆಲ್ಲಗೆ ಒತ್ತುತ್ತದೆ, ನಾಲಿಗೆ ಒಮ್ಮೆ ತಾಕುತ್ತದೆ, ಆಮೇಲೆ ಒಂದು ಕಾಲು, ಅದರ ಹಿಂದೆ ಇನ್ನೊಂದು.

ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ನರಗಳಿವೆ! ಕಚ್ಚಿದರೆ ಕೊಕ್ಕಿಗೆ ಬೆರಳಿನಿಂದ ಪೆಟ್ಟು ಕೊಡಿ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಅದನ್ನು ಇಂದೇ ಬಿಟ್ಟುಬಿಡಬೇಕು. ಹಕ್ಕಿಗೆ ನೋವಾಗುತ್ತದೆ, ಕೈ ಎಂದರೆ ಪೆಟ್ಟು ಎಂಬ ಪಾಠವೂ ಆಗುತ್ತದೆ. ಮುಖಕ್ಕೆ ಉಫ್ ಎಂದು ಊದುವುದು, ಕೂತ ಕೈಯನ್ನು ಬೇಕೆಂದೇ ಅಲ್ಲಾಡಿಸುವುದು ಇವೂ ಅದೇ ಸಾಲಿನವು.

ಗಿಳಿ ತನ್ನ ಕಣ್ಣಪಾಪೆಯನ್ನು ಬೇಕೆಂದಾಗ ಹಿಗ್ಗಿಸಿ ಕುಗ್ಗಿಸಬಲ್ಲದು. ನಮಗೆ ಆ ಹತೋಟಿ ಇಲ್ಲ. ಪಾಪೆ ಪಟಪಟನೆ ಚಿಕ್ಕದು ದೊಡ್ಡದು ಆಗುತ್ತಿದ್ದರೆ ಹಕ್ಕಿ ಉದ್ರೇಕಗೊಂಡಿದೆ ಎಂದು ತಿಳಿಯಿರಿ. ಖುಷಿಯೂ ಇರಬಹುದು, ಸಿಟ್ಟೂ ಇರಬಹುದು. ಜೊತೆಗೆ ಬಾಲದ ಗರಿ ಅಗಲವಾಗಿ ಬಿಚ್ಚಿ, ಕತ್ತಿನ ಗರಿ ನಿಮಿರಿ, ಮೈ ಬಿಗಿದುಕೊಂಡಿದ್ದರೆ ನಿಮ್ಮ ಕೈ ಅಲ್ಲೇ ನಿಲ್ಲಲಿ. ಅಮೆಜಾನ್ ಗಿಳಿಗಳಲ್ಲಿ ಈ ಲಕ್ಷಣ ದೂರದಿಂದಲೇ ಕಾಣುತ್ತದೆ. "ಸುಮ್ಮನಿತ್ತು, ಇದ್ದಕ್ಕಿದ್ದಂತೆ ಕಚ್ಚಿಬಿಡ್ತು" ಎಂಬ ದೂರು ಕೇಳಿದಾಗಲೆಲ್ಲ ನನಗನಿಸುವುದು, ಅದು ಸುಮ್ಮನಿರಲಿಲ್ಲ, ಹೇಳುತ್ತಲೇ ಇತ್ತು, ಯಾರೂ ನೋಡಲಿಲ್ಲ ಎಂದೇ.

ಭುಜದ ಮೇಲೆ ಕೂತ ಗಿಳಿಯ ಕಣ್ಣು ನಿಮಗೆ ಕಾಣದು. ಅದರ ಕೊಕ್ಕಿಗೆ ಮಾತ್ರ ನಿಮ್ಮ ಕಿವಿ, ಕೆನ್ನೆ, ಕಣ್ಣು ಎಲ್ಲವೂ ಎಟಕುತ್ತವೆ. ಪರಸ್ಪರ ನಂಬಿಕೆ ಕುದುರುವವರೆಗೂ ಭುಜದ ಸವಾರಿ ಬೇಡ.

ಕಾಕಟೀಲ್ ಹಕ್ಕಿಯ ಮನಸ್ಸು ಜುಟ್ಟಿನಲ್ಲಿದೆ! ಜುಟ್ಟು ನೆಟ್ಟಗೆ ನಿಂತರೆ ಗಾಬರಿ ಅಥವಾ ಎಚ್ಚರ. ತಲೆಗೆ ಅಂಟಿಕೊಂಡು ಬುಸ್ ಎಂದರೆ ಹತ್ತಿರ ಬರಬೇಡ ಎಂದು. ಸಡಿಲವಾಗಿ ಹಿಂದಕ್ಕೆ ವಾಲಿದ್ದರೆ ನೆಮ್ಮದಿ. ಇನ್ನು ರಾತ್ರಿ ಮಲಗುವ ಮುಂಚೆ ಕೊಕ್ಕು ಮಸೆಯುವ ಕರಕರ ಸದ್ದು ಕೇಳಿದರೆ ನಿಮ್ಮ ಹಕ್ಕಿ ಹಾಯಾಗಿದೆ.

ನೀಲಿ-ಹಳದಿ ಮಕಾವ್ ಗಿಳಿಯ ಕೆನ್ನೆಯ ಬೋಳು ಚರ್ಮ ಕೆಂಪೇರುತ್ತದೆ. ಪರಿಚಯದವರು ಕಣ್ಣಿಗೆ ಕಣ್ಣಿಟ್ಟು ಮಾತಾಡಿಸಿದಾಗ ಹೀಗಾಗುವುದು ಹೆಚ್ಚು ಎಂದು ಫ್ರಾನ್ಸಿನ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದಾರೆ.

ಮೇಲಿನಿಂದ ಇಳಿಯುವ ಕೈ ಗಿಳಿಗೆ ಗಿಡುಗ. ಬೇಟೆಗೆ ಸಿಕ್ಕುವ ಜೀವಿ ಅದು, ಕಣ್ಣು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಮೇಲೂ ಹಿಂದೂ ಏನು ಅಲುಗಿದರೂ ತಿಳಿಯುತ್ತದೆ. ಎದುರಿನಿಂದ, ಅದರ ಎದೆಗಿಂತ ಕೆಳಗಿನಿಂದ ಕೈ ತನ್ನಿ, ನಿಧಾನಕ್ಕೆ.

ಆನ್‌ಲೈನಿನಲ್ಲಿ 'ಮಿಲೆಟ್ ಸ್ಪ್ರೇ' ಎಂದು ದುಬಾರಿ ಬೆಲೆಗೆ ಮಾರುವುದು ನಮ್ಮ ನವಣೆ ತೆನೆಯನ್ನೇ! ಹೊಸ ಹಕ್ಕಿಯ ಸ್ನೇಹಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಔಷಧಿ ಸಿಂಪಡಿಸದ ತೆನೆ ಆರಿಸಿ. ಮೊದಲು ಪಂಜರದ ಪಕ್ಕ ಕೂತು ಸಣ್ಣ ದನಿಯಲ್ಲಿ ಮಾತಾಡುವುದಷ್ಟೇ ಕೆಲಸ. ಹಕ್ಕಿ ನಿಮ್ಮೆದುರು ಕಾಳು ತಿನ್ನಲು, ಗರಿ ತಿದ್ದಿಕೊಳ್ಳಲು ಶುರುಮಾಡಿದರೆ ಮೊದಲ ಮೆಟ್ಟಿಲು ದಾಟಿತು. ಆಮೇಲೆ ಉದ್ದನೆಯ ತೆನೆಯ ಬುಡ ಹಿಡಿದು ತುದಿಯನ್ನು ಸರಳುಗಳ ನಡುವೆ ತೂರಿಸಿ. ಅದು ಕತ್ತು ಉದ್ದ ಮಾಡಿ, ಕಾಲು ಮಾತ್ರ ಹಿಂದೆಯೇ ಇಟ್ಟುಕೊಂಡು, ಒಂದೇ ಒಂದು ಕಾಳು ಕಿತ್ತು ಓಡಿಹೋಗುತ್ತದೆ. ಹೋಗಲಿ ಬಿಡಿ. ನಾಳೆ ಎರಡು ಕೀಳುತ್ತದೆ. ದಿನ ಕಳೆದಂತೆ ಬೆರಳು ತೆನೆಯ ಮೇಲೆ ಮೇಲೆ ಸರಿಯುತ್ತದೆ, ಹಕ್ಕಿ ಬೆರಳಿನ ಹತ್ತಿರ ಹತ್ತಿರ ಬರುತ್ತದೆ. ಅದು ಸಾಕೆಂದು ಮುಖ ತಿರುಗಿಸುವ ಮುಂಚೆಯೇ ನೀವು ಎದ್ದುಹೋಗಿ. ವಾರವೋ ತಿಂಗಳೋ, ಎಷ್ಟು ಕಾಲ ಬೇಕೆಂಬುದು ಹಕ್ಕಿಗೆ ಬಿಟ್ಟದ್ದು. ಬಾಗಿಲು ತೆಗೆದು ಬಲವಂತವಾಗಿ ಹಿಡಿದರೆ ಇಷ್ಟೂ ದಿನದ ದುಡಿಮೆ ಒಂದೇ ಏಟಿಗೆ ನೀರುಪಾಲು.

ಕಚ್ಚಿದಾಗ ಕೈ ಮಾಯವಾದರೆ, ಕಚ್ಚಿದರೆ ಕೆಲಸ ಆಗುತ್ತದೆ ಎಂದು ಗಿಳಿ ಕಲಿಯುತ್ತದೆ. "ಅಯ್ಯೋ" ಎಂದು ಕಿರುಚಿದರೂ ಕಷ್ಟವೇ. ಗದ್ದಲ ಪ್ರಿಯವಾದ ಹಕ್ಕಿಗೆ ಅದೊಂದು ಮೋಜು. ನೋವು ನುಂಗಿಕೊಂಡು, ಕೈ ಜಾಡಿಸದೆ, ಹಕ್ಕಿಯನ್ನು ಮೆಲ್ಲಗೆ ಕೂರುವ ಕಡ್ಡಿಯ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಆಚೆ ತಿರುಗಿ. ಆದರೆ ಇದು ಕಡಿತ ಆದಮೇಲಿನ ಮಾತು. ಅದಕ್ಕೆ ಮುಂಚೆ ಏನು ನಡೆಯಿತು, ಯಾರು ಬಂದರು, ಎಲ್ಲಿ ಮುಟ್ಟಿದಿರಿ ಎಂದು ನೆನಪಿಸಿಕೊಳ್ಳುವುದರಲ್ಲಿ ಹೆಚ್ಚಿನ ಪ್ರಯೋಜನವಿದೆ.

ಬೆನ್ನು ನೇವರಿಸುವುದು ಗಿಳಿಯ ಮಟ್ಟಿಗೆ ಪ್ರಣಯ! ತಲೆ, ಕತ್ತು ಬಿಟ್ಟು ಬೆನ್ನು, ಹೊಟ್ಟೆ, ಬಾಲದ ಬುಡ ಸವರಿದರೆ ಸಂತಾನದ ಹಾರ್ಮೋನುಗಳು ಕೆರಳುತ್ತವೆ. ಪಂಜರದಲ್ಲಿ ಕತ್ತಲೆ ಡಬ್ಬ ಇಟ್ಟರೆ ಅದನ್ನು ಗೂಡೆಂದುಕೊಂಡು ಕಾಯತೊಡಗುತ್ತದೆ. ಅಲ್ಲಿಗೆ ಕೈ ಹಾಕಿದವರಿಗೆ ಕಡಿತ ಖಾತ್ರಿ. ನಿದ್ದೆಯನ್ನೂ ಮರೆಯಬೇಡಿ, ರಾತ್ರಿ 10ರಿಂದ 12 ಗಂಟೆ ಬೇಕು. ಹಾಲ್‌ನಲ್ಲಿ ಧಾರಾವಾಹಿ ಮುಗಿಯುವವರೆಗೆ ಎಚ್ಚರವಿದ್ದ ಹಕ್ಕಿ ಬೆಳಿಗ್ಗೆ ಸಿಡುಕದೆ ಇನ್ನೇನು ಮಾಡೀತು?

ನಮ್ಮ ಹಸಿರು ಗಿಳಿಯನ್ನು ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಂಪು ಕೊರಳಪಟ್ಟಿಯ ಗಿಳಿಯಿಂದ ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿಯವರೆಗೆ ಎಲ್ಲವನ್ನೂ ರಕ್ಷಿಸುತ್ತದೆ. ಗಿಣಿಶಾಸ್ತ್ರದವರ ಪೆಟ್ಟಿಗೆಯಲ್ಲಿರುವುದೂ ಈ ಹಸಿರು ಗಿಳಿಯೇ. ಕೈಗೆ ಸಿಕ್ಕಿದ್ದರೆ ಪಳಗಿಸುವ ಯೋಚನೆ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಆಫ್ರಿಕನ್ ಗ್ರೇ, ಮಕಾವ್‌ನಂಥ ವಿದೇಶಿ ಗಿಳಿ ಇಟ್ಟುಕೊಂಡವರು 2024ರ ನಿಯಮದಂತೆ ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂದಹಾಗೆ, ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಕೊಡುವ ಪುಟಾಣಿಗಳು ಬಹುತೇಕ ಆಸ್ಟ್ರೇಲಿಯಾ ಮೂಲದ ಬಜರಿಗರ್‌ಗಳು. ನಿಜವಾದ ಲವ್‌ಬರ್ಡ್‌ನ ತವರು ಆಫ್ರಿಕಾ.

ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಷಿಕಾಗೋದ ಅಂಗಡಿಯೊಂದರಿಂದ ತಂದ ಆಫ್ರಿಕನ್ ಗ್ರೇ ಗಿಳಿ ಅಲೆಕ್ಸ್, ಬಣ್ಣ, ಆಕಾರ, ಎಣಿಕೆ ಕಲಿತು ಜಗತ್ಪ್ರಸಿದ್ಧವಾಯಿತು. 2007ರಲ್ಲಿ ತೀರಿಕೊಂಡಿತು. ಪಾಠ ಬೇಸರವಾದಾಗ ಅದು "ವಾಪಸ್ ಹೋಗಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ, ತನ್ನನ್ನು ಪಂಜರಕ್ಕೆ ಮರಳಿಸುವಂತೆ ಕೇಳಿಕೊಳ್ಳುತ್ತಿತ್ತು. ಅದರ ಎಲ್ಲ ಮಾತುಗಳಲ್ಲಿ ಗಿಳಿ ಸಾಕುವವರು ಮೊದಲು ತಿಳಿಯಬೇಕಾದದ್ದು ಇದು ಎಂದು ನನಗನಿಸುತ್ತದೆ.

ಆಫ್ರಿಕನ್ ಗ್ರೇಗಳು ಪ್ರತಿಫಲ ಬಯಸದೆ ನೆರವಾಗುತ್ತವೆ! ಬಿಲ್ಲೆ ಕೊಟ್ಟರೆ ಅಕ್ರೋಟು ಸಿಗುವ ಪ್ರಯೋಗದಲ್ಲಿ, ಪಕ್ಕದ ಗಿಳಿಯ ಬಳಿ ಬಿಲ್ಲೆ ಇಲ್ಲದಿದ್ದಾಗ ತಮ್ಮದನ್ನು ಕಿಂಡಿಯಿಂದ ದಾಟಿಸಿದವು. 2020ರಲ್ಲಿ ಪ್ರಕಟವಾದ ಅಧ್ಯಯನವಿದು.

ವರ್ಷಗಟ್ಟಲೆ ಸಾಧುವಾಗಿದ್ದ ಗಿಳಿ ದಿಢೀರನೆ ಕಚ್ಚತೊಡಗಿದರೆ ತರಬೇತಿಯ ಮಾತು ಬದಿಗಿಡಿ, ಮೈಯಲ್ಲಿ ನೋವಿದೆಯೇ ನೋಡಿ. ಹಕ್ಕಿಗಳು ಕಾಯಿಲೆಯನ್ನು ಕೊನೆಯ ಹಂತದವರೆಗೂ ಮುಚ್ಚಿಡುತ್ತವೆ, ಗರಿಯ ಮರೆಯಲ್ಲಿ ಸೊರಗಿದ್ದೂ ಕಾಣದು. ಆದ್ದರಿಂದ ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಕೂರುವುದನ್ನು ತೆನೆ ತೋರಿಸಿಯೇ ಕಲಿಸಿ, ವಾರಕ್ಕೊಮ್ಮೆ ಬೆಳಿಗ್ಗೆ, ಕಾಳು ಹಾಕುವ ಮುನ್ನ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಹಕ್ಕಿಗಳನ್ನು ನೋಡಿ ಪಳಗಿದ ಪಶುವೈದ್ಯರ ಬಳಿಗೆ ಅಂದೇ ಒಯ್ಯಿರಿ, ಆ ಪುಸ್ತಕವನ್ನೂ ಜೊತೆಗೆ ಕೊಂಡೊಯ್ಯಿರಿ.