ಸೂಕ್ಷ್ಮಬೋಧನೆಯ ವಿಚಾರ

ಬಿ.ಎಡ್. ಶಿಕ್ಷಣಾರ್ಥಿಗಳು ಅಭ್ಯಾಸಪಾಠಕ್ಕೆಂದು ಶಾಲೆಗೆ ಬಂದಾಗ, “ಟೀಚರ್, ಇವರು ಕಲಿಯಾಕ ನಮ್ಮ ಹುಡುಗ್ಯಾರೇ ಬೇಕೇನ್ರಿ?” ಎಂದು ಕೇಳುವ ಪೋಷಕರುಂಟು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ಪೋಷಕರಿಗೂ ಪ್ರಿಯ ಪೂರ್ವವಿದ್ಯಾರ್ಥಿನಿಯರಿಗೂ ಈ ನಾಲ್ಕು ಮಾತುಗಳನ್ನು ಅರಿಕೆ ಮಾಡುತ್ತೇವೆ.

ಸಿರುಗುಪ್ಪದ ಸೀಮೆಯಲ್ಲಿ ಭತ್ತವನ್ನು ನಾಟಿ ಮಾಡುವವರು ಮೊದಲು ಸಸಿಮಡಿಯನ್ನು ಸಿದ್ಧಗೊಳಿಸುವರಷ್ಟೆ. ಉಪಾಧ್ಯಾಯಿನಿಯಾಗುವವಳಿಗೂ ಅಂಥದೊಂದು ಸಸಿಮಡಿಯುಂಟು, ಅದೇ ಸೂಕ್ಷ್ಮಬೋಧನೆ. 1963ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಬಳಿಕ ನಮ್ಮ ದೇಶದ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಇಲ್ಲಿನ ಸೌಕರ್ಯಗಳಿಗೆ ತಕ್ಕ ಮಾದರಿಯನ್ನು ಏರ್ಪಡಿಸಿತು.

ಪಾಠವೆಂಬುದು ಹಲವು ಕೌಶಲಗಳ ಕೂಡಿಕೆ: ಪೀಠಿಕೆ ಹಾಕುವುದು, ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕರಿಹಲಗೆಯನ್ನು ಬಳಸುವುದು. ಇವುಗಳಲ್ಲಿ ಒಂದನ್ನೇ ಆರಿಸಿ, ವಿದ್ಯಾರ್ಥಿಗಳಂತೆ ಕುಳಿತ ಐದರಿಂದ ಹತ್ತು ಮಂದಿ ಸಹಪಾಠಿಗಳ ಮುಂದೆ 6 ನಿಮಿಷ ಬೋಧಿಸತಕ್ಕದ್ದು. ಮುಂದಿನ 6 ನಿಮಿಷ ವಿಮರ್ಶೆ. 12 ನಿಮಿಷ ಪಾಠವನ್ನು ತಿದ್ದಿ ಯೋಜಿಸುವುದು. 6 ನಿಮಿಷ ಮರುಬೋಧನೆ. 6 ನಿಮಿಷ ಮರುವಿಮರ್ಶೆ. ಒಟ್ಟು 36 ನಿಮಿಷ.

ನಾವು ತರಬೇತಿಯಲ್ಲಿದ್ದಾಗ ಪ್ರಶ್ನಿಸುವ ಕೌಶಲಕ್ಕಾಗಿ ಆವಿಯಾಗುವಿಕೆಯ ಪಾಠವನ್ನು ಎತ್ತಿಕೊಂಡೆವು. “ಒಗೆದ ಬಟ್ಟೆಯ ನೀರು ಎಲ್ಲಿ ಹೋಯಿತು?” ಎಂದು ಕೇಳಲು, ಸಹಪಾಠಿಯೊಬ್ಬಳು ಪುಟ್ಟ ಬಾಲೆಯಂತೆ “ಬಿಸಿಲು ಕುಡೀತು” ಎಂದಳು. “ತಪ್ಪು” ಎಂದು ಹೇಳಿ ಮುಂದಿನವಳತ್ತ ತಿರುಗಿದೆವು. ವಿಮರ್ಶೆಯ ವೇಳೆಯಲ್ಲಿ ಆಕೆ, “ಆಮೇಲೆ ನಾನು ಕೈ ಎತ್ತಲೇ ಇಲ್ಲ, ನೀವು ಅದನ್ನು ನೋಡಲೂ ಇಲ್ಲ” ಎಂದಾಗ ನಮಗೆ ನಾಚಿಕೆಯಾಯಿತು. ಮರುಬೋಧನೆಯಲ್ಲಿ ಅದೇ ಉತ್ತರ ಬರಲು, “ಹಾಗಾದರೆ ನೆರಳಿನಲ್ಲಿ ಒಣಗಿದ ಬಟ್ಟೆಯ ನೀರನ್ನು ಯಾರು ಕುಡಿದರು?” ಎಂದು ಕೇಳಿ, ಸುಮ್ಮನೆ ಕಾದೆವು. ಈ ಸಲ ಆಕೆ ತಾನೇ ಯೋಚಿಸಿ, “ಗಾಳಿಗೆ ಹೋಗಿರಬೇಕು” ಎಂದಳು.

ಕಾಯುವುದೂ ಕಲಿಯಬೇಕಾದ ವಿದ್ಯೆಯೇ. ಪ್ರಶ್ನೆ ಕೇಳಿದ ಉಪಾಧ್ಯಾಯರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದೂ, ಮೂರು ಸೆಕೆಂಡು ತಾಳಿದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆಂದೂ ಅಮೆರಿಕದ ವಿದುಷಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು.

ಈ ಕ್ರಮಕ್ಕೆ ಮಿತಿಯೂ ಉಂಟು. ಉತ್ತರ ಬಲ್ಲ ಸಹಪಾಠಿಗಳು ಮಕ್ಕಳಿಗೆ ಸಮರಲ್ಲ. ಆರು ನಿಮಿಷದ ಪಾಠವು ತುಂಬಿದ ತರಗತಿಗೆ ಸಮವಲ್ಲ. ಸಸಿಯನ್ನು ಎಂದಾದರೂ ಗದ್ದೆಗೆ ನಾಟಲೇಬೇಕು. ಆದುದರಿಂದಲೇ ಶಿಕ್ಷಣಾರ್ಥಿಯು ಪಾಠ ಹೇಳುವಾಗ ನಮ್ಮ ಉಪಾಧ್ಯಾಯಿನಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತಿರುವರು.

ಪೋಷಕರೇ, ಕೈ ಎತ್ತುವುದನ್ನು ಒಮ್ಮೆ ಬಿಟ್ಟ ಹುಡುಗಿ ಮತ್ತೆ ಎತ್ತಲು ವರ್ಷಗಳೇ ಬೇಕಾದೀತು. ಆ ತಪ್ಪು ನಿಮ್ಮ ಮಗಳ ಮುಂದೆ ನಡೆಯುವುದಕ್ಕಿಂತ ಮೊದಲೇ ಸಹಪಾಠಿಗಳ ಮುಂದೆ ನಡೆದು ತಿದ್ದಿಹೋಗಲೆಂಬುದೇ ಆ 36 ನಿಮಿಷಗಳ ಉದ್ದೇಶ.