ರಕ್ತದಲ್ಲಿನ ಸತುವಿನ ಲೆಕ್ಕ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತರಿಗೆ ಸತು ಹೊಸದೇನಲ್ಲ. ಮೇಲವಂಕಿಯಂಥ ಊರಿನಲ್ಲಿ ಗೋವಿನಜೋಳದ ಎಳೆಯ ಎಲೆ ಬಿಳಿಚಿಕೊಂಡರೆ ಜಿಂಕ್ ಸಲ್ಫೇಟ್ ಬೇಕೆಂದು ಹೇಳಬಲ್ಲವರಿದ್ದಾರೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಅನೇಕ ಹೊಲಗಳಲ್ಲಿ ಸತುವಿನ ಕೊರತೆ ಕಂಡುಬಂದಿತ್ತು. ಅದೇ ಖನಿಜ ಮನುಷ್ಯನಿಗೂ ಬೇಕೆಂದು ಜಗತ್ತಿಗೆ ತಿಳಿದದ್ದು ಮಾತ್ರ ತಡವಾಗಿ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಅವರು 1960ರ ದಶಕದಲ್ಲಿ ಇರಾನ್ ಮತ್ತು ಈಜಿಪ್ಟ್‌ಗಳಲ್ಲಿ ಬೆಳವಣಿಗೆ ಕುಂಠಿತಗೊಂಡ ಯುವಕರನ್ನು ಪರೀಕ್ಷಿಸಿ ಇದನ್ನು ತೋರಿಸಿಕೊಟ್ಟರು.

ನಮ್ಮ ದೇಹದಲ್ಲಿರುವ ಸತು ಸುಮಾರು 2 ಗ್ರಾಂ ಮಾತ್ರ. ಅದರ ಬಹುಪಾಲು ಮಾಂಸಖಂಡ ಮತ್ತು ಮೂಳೆಗಳಲ್ಲಿದೆ. ಪ್ರಯೋಗಾಲಯ ಅಳೆಯುವ ರಕ್ತದ ತಿಳಿಭಾಗದಲ್ಲಿ ಇರುವುದು ಸಾವಿರಕ್ಕೆ ಒಂದು ಪಾಲಿನಷ್ಟು. ಆದುದರಿಂದ ವರದಿಯ ಅಂಕಿಯನ್ನು ಬಹಳ ಎಚ್ಚರದಿಂದ ಓದಬೇಕು.

ಒಬ್ಬ ತಾಯಿಯ ವರದಿಯಲ್ಲಿ 62 ಮೈಕ್ರೊಗ್ರಾಂ (100 ಮಿಲಿಲೀಟರಿಗೆ) ಎಂದಿದೆ ಎನ್ನೋಣ. ಮುಂಜಾನೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟಿದ್ದರೆ ಅದು ಕಡಿಮೆಯೇ. ಆಗ 70 ಇರಬೇಕು. ಊಟವಾದ ಮೇಲೆ ಮಧ್ಯಾಹ್ನ ಕೊಟ್ಟಿದ್ದರೆ 59 ಸಾಕು, ಎಂದರೆ ಕೊರತೆಯಿಲ್ಲ. ಅವರು ಗರ್ಭಿಣಿಯಾಗಿದ್ದರೆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಜ್ವರ ಅಥವಾ ಸೋಂಕು ಇದ್ದಾಗ ಸತು ರಕ್ತದಿಂದ ಯಕೃತ್ತಿಗೆ ಸರಿಯುವುದರಿಂದ ಅಂಕಿ ತಾನಾಗಿ ಇಳಿಯುತ್ತದೆ. ಮಾದರಿಯಲ್ಲಿ ರಕ್ತಕಣಗಳು ಒಡೆದರೆ, ಅಥವಾ ಕೊಳವೆಯ ರಬ್ಬರ್ ಮುಚ್ಚಳದಿಂದ ಸತು ಬೆರೆತರೆ, ಇಲ್ಲದ ಸತು ಇದ್ದಂತೆ ಕಾಣುತ್ತದೆ! ವೈದ್ಯರಿಗೆ ವರದಿ ತೋರಿಸುವಾಗ ರಕ್ತ ತೆಗೆದ ಸಮಯ, ಊಟ, ಜ್ವರ ಈ ಮೂರನ್ನೂ ಹೇಳಿರಿ.

ಕೊರತೆ ನಮ್ಮಲ್ಲಿ ಅಪರೂಪವೇ? ಅಲ್ಲ. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದ ಹದಿಹರೆಯದವರಲ್ಲಿ ಶೇ. 32ರಷ್ಟು ಮಂದಿಗೆ, 1ರಿಂದ 4 ವರ್ಷದ ಮಕ್ಕಳಲ್ಲಿ ಶೇ. 19ರಷ್ಟು ಮಂದಿಗೆ ಸತು ಸಾಲದು. ಜೋಳದ ರೊಟ್ಟಿಯಲ್ಲಿ ಸತು ಇದೆ, ಆದರೆ ಧಾನ್ಯ ಹಾಗೂ ಬೇಳೆಗಳಲ್ಲಿರುವ ಫೈಟೇಟ್ ಅದನ್ನು ಕರುಳಿನಲ್ಲಿಯೇ ಹಿಡಿದಿಡುತ್ತದೆ. ರೊಟ್ಟಿ ಬಿಡಬೇಕೆಂದು ಯಾರೂ ಹೇಳುವುದಿಲ್ಲ, ಹೇಳಿದರೂ ನಮ್ಮವರು ಕೇಳುವುದಿಲ್ಲ. ಮಡಕಿಕಾಳು, ಹೆಸರುಕಾಳು ಮೊಳಕೆ ಕಟ್ಟಿದಾಗ ಫೈಟೇಟ್ ತಗ್ಗುತ್ತದೆ. ಜೊತೆಗೆ ಮೊಸರು, ಮೊಟ್ಟೆ, ಆಗಾಗ ಮಾಂಸವಿದ್ದರೆ ಒಳ್ಳೆಯದು.

ಮಗುವಿಗೆ ಭೇದಿಯಾದಾಗ ಮಾತ್ರ ರಕ್ತ ಪರೀಕ್ಷೆಗಾಗಿ ಕಾಯಲೇಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿಯೇ ಓಆರ್‌ಎಸ್ ಜೊತೆ ಸತು ಕೊಡಬೇಕೆಂದು ತಿಳಿಸಿವೆ. ನಮ್ಮ ದೇಶದಲ್ಲಿ 2ರಿಂದ 6 ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ, ಐದು ವರ್ಷದೊಳಗಿನ ಮಗುವಿಗೆ 20 ಮಿಲಿಗ್ರಾಂ. ಭೇದಿ ಎರಡೇ ದಿನದಲ್ಲಿ ನಿಂತರೂ 14 ದಿನ ಪೂರ್ತಿ. ಅನೇಕ ಮನೆಗಳಲ್ಲಿ ಮೂರನೆಯ ದಿನವೇ ಗುಳಿಗೆ ಮೂಲೆ ಸೇರುತ್ತದೆ.

ದೊಡ್ಡವರಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಕೋವಿಡ್ ಕಾಲದಲ್ಲಿ ತಂದ 50 ಮಿಲಿಗ್ರಾಂ ಗುಳಿಗೆಯನ್ನು ಕೆಲವರು ಶಕ್ತಿಗೆಂದು ಮುಂದುವರಿಸಿದರು. ವೈದ್ಯರು ಹೇಳದ ಹೊರತು ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಮಿತಿ. ಅದಕ್ಕೂ ಹೆಚ್ಚಾಗಿ ತಿಂಗಳುಗಟ್ಟಲೆ ನುಂಗಿದರೆ ದೇಹ ತಾಮ್ರವನ್ನು ಹೀರಿಕೊಳ್ಳಲಾರದೆ, ರಕ್ತಹೀನತೆ ಮತ್ತು ಕೈಕಾಲು ಜೋಮು ಹಿಡಿಯುವ ನರದೋಷ ಬರಬಹುದು.